ಮೊದಲು ನೀರಿಗೆ ದಾರಿ, ಆಮೇಲೆ ಬಿರುಕಿಗೆ ಮದ್ದು

ಇವತ್ತಿನ ಮಾತು ಪಾಯದ ಬಗ್ಗೆ. ಅದರಲ್ಲೂ ವ್ಯಾಪಾರದ ಕಟ್ಟಡಗಳ ಕಾಂಕ್ರೀಟ್ ಪಾಯದ ಬಗ್ಗೆ. ಅಂಗಡಿ ಸಾಲು, ಗೋದಾಮು, ಎಣ್ಣೆ ಗಿರಣಿ, ಹೊಲಿಗೆ ಶೆಡ್ಡು, ಕಲ್ಯಾಣ ಮಂಟಪ ಇಂಥವು. ಇವುಗಳ ಪಾಯ ಬಿರುಕು ಬಿಟ್ಟರೆ ಏನು ಮಾಡಬೇಕು? ಸೆಲ್ಲಾರಿನ ಗೋಡೆಯಲ್ಲಿ ನೀರು ಜಿನುಗಿದರೆ ಏನು ಮಾಡಬೇಕು? ಇವೆರಡೇ ಪ್ರಶ್ನೆ.

ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಇಪ್ಪತ್ತೈದು ವರ್ಷ ಕಟ್ಟಡ ಕೆಲಸ ಮಾಡಿಸಿದವನು ನಾನು. ಹಳೆಯ ಅನಂತಪುರ ಜಿಲ್ಲೆಯ ಊರುಗಳಿವು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕನ್ನಡ ಮಾತಾಡುವ ಮೇಸ್ತ್ರಿ ಬುನಾದಿ ಅನ್ನುತ್ತಾನೆ, ತೆಲುಗು ಮಾತಾಡುವ ಮೇಸ್ತ್ರಿ ಪುನಾದಿ ಅನ್ನುತ್ತಾನೆ. ಅಕ್ಷರ ಒಂದು ಬೇರೆ, ಕಷ್ಟ ಒಂದೇ.

ಆ ಕಷ್ಟದ ಹೆಸರು ನೀರು.

ನೀವು ಕೇಳಬಹುದು, ನಮ್ಮದು ಬರದ ಸೀಮೆ, ಇಲ್ಲಿ ಪಾಯಕ್ಕೆ ನೀರಿನ ಕಾಟ ಎಲ್ಲಿಂದ ಬಂತು? ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. ಕುಡಿಯುವ ನೀರಿಗೇ ಪರದಾಟ. ಆದರೆ ಆ ಮಳೆ ಬೀಳುವ ರೀತಿ ನೋಡಿ. ತಿಂಗಳುಗಟ್ಟಲೆ ಬಿಸಿಲು. ನೆಲ ಬೆಂದು ಬಾಯಿ ಬಿಡುತ್ತದೆ. ಆಮೇಲೆ ಉತ್ತರೆ, ಹಸ್ತ, ಚಿತ್ತೆ ಮಳೆಗಳು ಕೆಲವೇ ದಿನಗಳಲ್ಲಿ ಒಟ್ಟಿಗೆ ಸುರಿದು ಹೋಗುತ್ತವೆ. ಒಣಗಿದ ನೆಲ ಏಕಾಏಕಿ ನೆನೆಯುತ್ತದೆ. ಸದಾ ಒಣಗಿರುವ ನೆಲ ಪಾಯವನ್ನು ಕೆಡಿಸುವುದಿಲ್ಲ. ಸದಾ ಒದ್ದೆಯಾಗಿರುವ ನೆಲಕ್ಕೂ ಕಟ್ಟಡ ಹೊಂದಿಕೊಳ್ಳುತ್ತದೆ. ಒಮ್ಮೆ ಒಣಗಿ ಒಮ್ಮೆ ನೆನೆಯುವ ನೆಲವೇ ಕಟ್ಟಡವನ್ನು ಸೀಳುವುದು.

ಇನ್ನೊಂದು ಮಾತು. ನಮ್ಮ ಕಡೆ ಹಗರಿ ಎಂದು ಕರೆಯುವ ವೇದಾವತಿಗೆ ಮೇಲ್ಗಡೆ ಹಿರಿಯೂರಿನ ಬಳಿ ವಾಣಿವಿಲಾಸ ಸಾಗರ ಇದೆ. ನಾವೆಲ್ಲ ಮಾರಿಕಣಿವೆ ಅನ್ನುತ್ತೇವೆ. 1907ರಲ್ಲಿ ಮುಗಿದ ಅಣೆ ಅದು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಹತ್ತಿರ ಹತ್ತಿರ ತೊಂಬತ್ತು ವರ್ಷ. ಒಂದು ತಲೆಮಾರು ಪೂರ್ತಿ ನೋಡದ ನೀರು ಮೊಮ್ಮಕ್ಕಳ ಕಾಲಕ್ಕೆ ಬಂತು. "ನಮ್ಮೂರಿಗೆಲ್ಲಿ ಮಳೆ" ಎಂದು ಪಾಯ ತೆಗೆದವರಿಗೆ ಇದು ಪಾಠ. ಪಾಯವನ್ನು ಒಣ ವರ್ಷಗಳಿಗಾಗಿ ಹಾಕುವುದಲ್ಲ, ಅಪರೂಪಕ್ಕೆ ಬರುವ ಆ ಒಂದು ತುಂಬಿದ ವರ್ಷಕ್ಕಾಗಿ ಹಾಕಬೇಕು.

ಹಾಗಾಗಿ ಇವತ್ತಿನ ನನ್ನ ಮಾತೆಲ್ಲ ಒಂದೇ ಸಾಲಿನದು. ಮೊದಲು ನೀರಿಗೆ ದಾರಿ, ಆಮೇಲೆ ಬಿರುಕಿಗೆ ಮದ್ದು. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಸಂಗತಿಯಿಂದ ಶುರು ಮಾಡೋಣ.

ರಾಯದುರ್ಗ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಅಲ್ಲಿ ಒಂದು ಸೆಲ್ಲಾರಿನಲ್ಲಿ ಹೊಲಿಗೆ ಮಷಿನುಗಳ ಸಾಲು ಇತ್ತು. ರಸ್ತೆ ಮಟ್ಟದಿಂದ ಹತ್ತಡಿ ಕೆಳಗೆ. ಗೋಡೆಯೂ ನೆಲವೂ ಸೇರುವ ಮೂಲೆಯಲ್ಲಿ ಉದ್ದಕ್ಕೆ ತೇವದ ಗೆರೆ. ಆ ಗೆರೆಯ ಮೇಲೆ ಬಿಳಿ ಉಪ್ಪು ಎದ್ದಿತ್ತು. ಕೈಯಿಟ್ಟರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಮಾಲೀಕರು ಅದಕ್ಕೆ ಮೂರು ಸಲ ಸಿಮೆಂಟು ಬಳಿಸಿದ್ದರು. ಮೂರು ಸಲವೂ ಗಿಲಾವು ಹಪ್ಪಳದ ಹಾಗೆ ಉಬ್ಬಿ ಬಿದ್ದಿತ್ತು. ಮಳೆ ನೀರು ಇಳಿಯುತ್ತಿದೆ ಎಂದು ಎಲ್ಲರೂ ನಂಬಿದ್ದರು. ನಾನೂ ಹಾಗೇ ಅಂದುಕೊಂಡು ಹೋದೆ.

ಮೂಲೆಯ ಮಷಿನಿನಲ್ಲಿ ಕೂತಿದ್ದ ಒಬ್ಬ ಅಕ್ಕ ತಲೆ ಎತ್ತಿ ಹೇಳಿದರು. "ಸಾರ್, ಮಳೆ ಬಂದ ದಿನ ಇಲ್ಲಿ ಒಣಗೇ ಇರ್ತೈತೆ. ಕೊಳಾಯಿ ನೀರು ಬಿಟ್ಟ ಮಾರನೇ ದಿನ ನೆಲ ಒದ್ದೆ ಆಗ್ತೈತೆ. ನಾನು ಬಟ್ಟೆ ಗಂಟು ಮೇಲಕ್ಕೆ ಎತ್ತಿಡೋದು ಅವತ್ತೇ."

ಆ ಒಂದು ಮಾತಿನಿಂದ ಕೆಲಸದ ದಿಕ್ಕೇ ಬದಲಾಯಿತು. ಗೋಡೆಯ ಆಚೆ ಪಕ್ಕದಲ್ಲೇ ಕಟ್ಟಡದ ನೀರಿನ ಸಂಪ್ ಇತ್ತು. ಅವತ್ತು ಸಂಜೆ ಸಂಪ್ ತುಂಬಿಸಿದೆವು. ಒಳಗೆ ಬರುವ ಕೊಳವೆ, ಹೊರಗೆ ಹೋಗುವ ಕೊಳವೆ ಎರಡನ್ನೂ ಬಂದ್ ಮಾಡಿದೆವು. ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದೆವು. ಬೆಳಗ್ಗೆ ಮುಚ್ಚಳ ತೆಗೆದು ನೋಡಿದರೆ ನೀರು ನಾಲ್ಕು ಬೆರಳು ಕೆಳಗೆ ಹೋಗಿತ್ತು. ಯಾರೂ ಒಂದು ಕೊಡ ನೀರು ಎತ್ತಿರಲಿಲ್ಲ.

ಮೂರು ಸಲ ಗೋಡೆಗೆ ಮದ್ದು ಹಚ್ಚಿದ್ದರು, ರೋಗ ಸಂಪಿನಲ್ಲಿತ್ತು. ಬಟ್ಟೆ ಗಂಟು ಎತ್ತಿಡುವ ಅಕ್ಕ ಅದನ್ನು ಕಂಡಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ.

ಇಷ್ಟು ನೆನಪಿಡಿ. ನೀರು ಕಾಣಿಸುವ ಜಾಗ ಒಂದು, ನೀರು ಬರುವ ಜಾಗ ಇನ್ನೊಂದು. ಈಗ ಮುಂದಿನ ಮಾತು. ಬಿರುಕನ್ನು ಓದುವುದು ಹೇಗೆ?

ಎಲ್ಲ ಬಿರುಕೂ ಒಂದೇ ಜಾತಿಯಲ್ಲ. ಮುಖ್ಯವಾಗಿ ಮೂರು ಬಗೆ ಹೇಳುತ್ತೇನೆ.

ಮೊದಲನೆಯದು ಕೂದಲು ಬಿರುಕು. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ. ಸರಿಯಾಗಿ ನೀರುಣಿಸದಿದ್ದರೆ ಬೇಗ ಕುಗ್ಗುತ್ತದೆ. ಆಗ ಮೈಮೇಲೆ ಜೇಡನ ಬಲೆಯಂಥ ಸಣ್ಣ ಗೆರೆಗಳು ಏಳುತ್ತವೆ. ನಮ್ಮ ಬೇಸಿಗೆಯ ನಲವತ್ತು ಡಿಗ್ರಿ ಬಿಸಿಲಲ್ಲಿ ಹಾಕಿದ ಕಾಂಕ್ರೀಟಿಗೆ ಇದು ಸಾಮಾನ್ಯ. ಇದಕ್ಕೆ ಗಾಬರಿ ಬೇಡ. ಆದರೆ ನೀರು ಮುಟ್ಟುವ ಗೋಡೆಯಲ್ಲಿದ್ದರೆ ಮುಚ್ಚಿಸಬೇಕು.

ಎರಡನೆಯದು ಓರೆ ಬಿರುಕು. ಕಿಟಕಿ ಮೂಲೆಯಿಂದ, ಷಟರಿನ ಮೂಲೆಯಿಂದ ಓರೆಯಾಗಿ ಇಳಿಯುತ್ತದೆ. ಇಟ್ಟಿಗೆ ಗೋಡೆಯಲ್ಲಾದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಸಣ್ಣ. ಪಾಯದ ಒಂದು ಭಾಗ ಕುಸಿದಿದೆ ಅಥವಾ ಇನ್ನೊಂದು ಭಾಗ ಉಬ್ಬಿದೆ ಎಂದು ಇದರ ಅರ್ಥ. ಬಾಗಿಲು ಹಿಡಿದುಕೊಳ್ಳುತ್ತದೆ, ಷಟರ್ ನೇರ ಇಳಿಯುವುದಿಲ್ಲ. ಇದನ್ನು ಕಡೆಗಣಿಸಬಾರದು.

ಮೂರನೆಯದು ಕಂಬಿಯ ಗುಂಟ ಓಡುವ ನೇರ ಬಿರುಕು. ಕಂಬದ ಬುಡದಲ್ಲಿ, ಪ್ಲಿಂತ್ ಬೀಮಿನಲ್ಲಿ ಕಾಣುತ್ತದೆ. ಅದರ ಜೊತೆ ಕಂದು ಬಣ್ಣದ ಕಲೆ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಒಡಕು ಮಡಕೆಯ ಸದ್ದು ಬರುತ್ತದೆ. ಒಳಗೆ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಬ್ಬಿಣಕ್ಕೆ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ.

ಬಿರುಕಿನ ಅಗಲ ಅಳೆಯುವುದು ಹೇಗೆ? ಇದಕ್ಕೆ ದೊಡ್ಡ ಉಪಕರಣ ಬೇಡ. ಕ್ಷೌರದ ಹಳೆಯ ಬ್ಲೇಡು ಸಾಕು. ಒಂದು ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ಚೂಪು ಅಂಚಿನಿಂದ ಬೆರಳು ಜೋಪಾನ. ಬ್ಲೇಡಿನ ಮೊಂಡು ತುದಿಯನ್ನು ಬಿರುಕಿಗೆ ಇಳಿಸಿ ನೋಡಿ. ಎರಡು ಬ್ಲೇಡು ಜೋಡಿಸಿ ಇಳಿಸಿದರೆ ಇಳಿಯುತ್ತದೆಯೇ? ಹಾಗಾದರೆ 0.2 ಮಿಲಿಮೀಟರ್ ದಾಟಿದೆ. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ, ಐಎಸ್ 456, ಮಣ್ಣಿಗೂ ತೇವಕ್ಕೂ ತಾಗುವ ಭಾಗಗಳಿಗೆ ಹಾಕಿರುವ ಮಿತಿ ಅದೇ, 0.2 ಮಿಲಿಮೀಟರ್.

ರಾಯದುರ್ಗದವರಿಗೆ ಇನ್ನೂ ಸುಲಭದ ಅಳತೆ ಇದೆ. ಜೀನ್ಸ್ ಹೊಲಿಯುವ 16 ನಂಬರಿನ ಸೂಜಿ. ಅದರ ಪೊಟ್ಟಣದ ಮೇಲೆ 100 ಎಂದೂ ಬರೆದಿರುತ್ತದೆ. ಆ ನೂರು ಎಂದರೆ ಸೂಜಿಯ ದಪ್ಪ ಒಂದು ಮಿಲಿಮೀಟರ್. ಆ ಸೂಜಿ ಸಲೀಸಾಗಿ ಬಿರುಕಿನೊಳಗೆ ಹೋದರೆ ತಡ ಮಾಡಬೇಡಿ, ಇಂಜಿನಿಯರನ್ನು ಕರೆಸಿ.

ಅಗಲ ಗೊತ್ತಾದರೆ ಅರ್ಧ ಕೆಲಸ. ಇನ್ನರ್ಧ, ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುವುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡ ಗೆರೆ ಹಾಕಿ ತಾರೀಕು ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಯನ್ನೂ ಸಿಮೆಂಟಿನಿಂದ ಕೂರಿಸಿ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿದರೆ ಒಳ್ಳೆಯದು.

ಇಲ್ಲಿಯವರೆಗೆ ಹೇಳಿದ್ದನ್ನು ಒಟ್ಟಿಗೆ ಹೇಳುತ್ತೇನೆ. ಬಿರುಕು ಮೂರು ಬಗೆ. ಕೂದಲು ಬಿರುಕು, ಓರೆ ಬಿರುಕು, ತುಕ್ಕಿನ ಬಿರುಕು. ಅಳತೆಗೆ ಬ್ಲೇಡು, ಸೂಜಿ. ಚಲನೆಗೆ ಪೆನ್ಸಿಲು, ಗಾಜು. ಈಗ ಮಣ್ಣಿನ ಮಾತಿಗೆ ಬರೋಣ.

ರಾಯದುರ್ಗದಲ್ಲೂ ಬೆಟ್ಟದ ಮೇಲೆ ಕೋಟೆ ಇದೆ, ಮಡಕಶಿರಾದಲ್ಲೂ ಬೆಟ್ಟದ ಮೇಲೆ ಕೋಟೆ ಇದೆ. ಆ ಗೋಡೆಗಳು ಕೂತಿರುವುದು ಬಂಡೆಯ ಮೇಲೆ. ಬಂಡೆ ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಕುಗ್ಗುವುದಿಲ್ಲ. ನಮ್ಮ ಬಜಾರು ಕೂತಿರುವುದು ಬೆಟ್ಟದ ಬುಡದ ಮಣ್ಣಿನ ಮೇಲೆ. ಅಲ್ಲಿನ ಲೆಕ್ಕವೇ ಬೇರೆ.

ಕಣೇಕಲ್ಲು, ಬೊಮ್ಮನಹಾಳ್ ಕಡೆ ಎರೆ ಮಣ್ಣಿದೆ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರು ಬರುವ ಸೀಮೆ ಅದು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಸೀಳು ಬಿಡುತ್ತದೆ. ರೈತರಿಗೆ ಇದು ಚೆನ್ನಾಗಿ ಗೊತ್ತು. ಆದರೆ ಅದೇ ರೈತರು ಅದೇ ಮಣ್ಣಿನ ಮೇಲೆ ಗೋದಾಮು ಕಟ್ಟಿಸುವಾಗ ಮೂರಡಿ ಪಾಯ ಸಾಕು ಅನ್ನುತ್ತಾರೆ. ಈ ಉಬ್ಬು ತಗ್ಗು ಮೇಲಿನಿಂದ ಸುಮಾರು ಹನ್ನೆರಡು ಅಡಿಯವರೆಗೆ ಇರಬಹುದು. ಅದಕ್ಕಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗೆಡ್ಡೆಯಿರುವ ಕಾಂಕ್ರೀಟ್ ಕಂಬದ ಪಾಯವನ್ನು ಬೆಳೆಸಿದರು. ಈರುಳ್ಳಿ ಗಿಡವನ್ನು ನೆನೆಸಿಕೊಳ್ಳಿ. ಮೇಲೆ ಸಣ್ಣ ದಂಟು, ಕೆಳಗೆ ದಪ್ಪ ಗೆಡ್ಡೆ. ಗೆಡ್ಡೆಯ ಅಗಲ ದಂಟಿನ ಎರಡೂವರೆ ಪಟ್ಟು. ಅದು ಅಲುಗದ ಮಣ್ಣಿನಲ್ಲಿ ಬೇರೂರಿ ಕಟ್ಟಡವನ್ನು ಹಿಡಿದುಕೊಳ್ಳುತ್ತದೆ. ಎರೆ ಭೂಮಿಯಲ್ಲಿ ಹೊಸದಾಗಿ ಕಟ್ಟುವವರು ಇದನ್ನು ಕೇಳಿ ತಿಳಿದುಕೊಳ್ಳಿ.

ಮಡಕಶಿರಾ ಕಡೆ ಹೆಚ್ಚಾಗಿ ಕೆಮ್ಮಣ್ಣು. ಅದು ಅಷ್ಟು ಉಬ್ಬುವುದಿಲ್ಲ. ಅಲ್ಲಿಯ ತೊಂದರೆ ತುಂಬಿದ ಮಣ್ಣಿನದು. ಹಳೆಯ ಗುಂಡಿ, ಹಳೆಯ ಬಾವಿ, ಹಳ್ಳದ ದಂಡೆ ಇವುಗಳನ್ನು ಮುಚ್ಚಿ ಅದರ ಮೇಲೆ ಕಟ್ಟುವುದು.

ಅಲ್ಲಿ ಒಂದು ಗೋದಾಮು ನೋಡಿದ್ದೆ. ಕಡಲೆಕಾಯಿ, ಹುಣಸೆಹಣ್ಣು ತುಂಬುವ ಗೋದಾಮು. ಒಂದು ಮೂಲೆಯಲ್ಲಿ ಓರೆ ಬಿರುಕು ಬಂದಿತ್ತು. ಮಾಲೀಕರು ಕೆಮಿಕಲ್ ಹೊಡೆಸಲು ದುಡ್ಡು ಹಿಡಿದು ಕೂತಿದ್ದರು. ನಾನು "ಅಣ್ಣಾ, ಸ್ವಲ್ಪ ತಡೀರಿ" ಎಂದು ಗಾಜಿನ ಪಟ್ಟಿ ಕೂರಿಸಿ ಬಂದೆ. ಯುಗಾದಿಗೆ ಕೂರಿಸಿದ ಗಾಜು. ಬೇಸಿಗೆ ಪೂರ್ತಿ ಗಟ್ಟಿ ಇತ್ತು. ಹಸ್ತ ಮಳೆ ಬಂತು, ಗಾಜು ನಡುವೆ ಚಿಟ್ಟೆಂದು ಸೀಳಿತು. ಮಾಲೀಕರೇ ಫೋನು ಮಾಡಿ ಹೇಳಿದರು. ಛಾವಣಿಯ ನೀರೆಲ್ಲ ಒಂದೇ ಕೊಳವೆಯಲ್ಲಿ ಇಳಿದು ಅದೇ ಮೂಲೆಗೆ ಬೀಳುತ್ತಿತ್ತು. ಆ ಮೂಲೆಯ ಕೆಳಗೆ ಹಿಂದೆ ಯಾರೋ ಮುಚ್ಚಿದ ಗುಂಡಿ ಇತ್ತು. ನೀರು ಕುಡಿದಷ್ಟೂ ಆ ಮಣ್ಣು ಕೂತುಕೊಳ್ಳುತ್ತಿತ್ತು. ಅವತ್ತೇ ಬಿರುಕಿಗೆ ಕೆಮಿಕಲ್ ತುಂಬಿದ್ದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತಿತ್ತು. ದುಡ್ಡೂ ಹೋಗುತ್ತಿತ್ತು, ಕಾಲವೂ ಹೋಗುತ್ತಿತ್ತು.

ಮಣ್ಣಿನ ಮಾತು ಇಷ್ಟು. ಎರೆ ಮಣ್ಣು ಉಬ್ಬಿ ಕುಗ್ಗುತ್ತದೆ. ತುಂಬಿದ ಮಣ್ಣು ನೆನೆದು ಕೂರುತ್ತದೆ. ಎರಡಕ್ಕೂ ಕಾರಣ ನೀರು. ಹಾಗಾದರೆ ಮೊದಲು ನೀರಿಗೆ ದಾರಿ ಮಾಡುವುದು ಹೇಗೆ?

ಐದು ಕಡೆ ನೋಡಿ. ಒಂದು, ಛಾವಣಿಯ ಕೊಳವೆ. ಅದರ ನೀರು ಪಾಯದ ಬುಡಕ್ಕೆ ಬೀಳದೆ ಚರಂಡಿಗೆ ಹೋಗಬೇಕು. ಎರಡು, ಕಟ್ಟಡದ ಸುತ್ತಲಿನ ನೆಲ. ಸುತ್ತಲೂ ಮೂರಡಿ ಅಗಲ ಕಾಂಕ್ರೀಟ್ ಹಾಸು ಬೇಕು. ಅದು ಹೊರಮುಖವಾಗಿ ಇಳಿಜಾರಾಗಿರಬೇಕು. ಒಂದು ಚೊಂಬು ನೀರು ಸುರಿದು ನೋಡಿ. ನೀರು ಗೋಡೆ ಕಡೆ ಬಂದರೆ ಇಳಿಜಾರು ತಪ್ಪಿದೆ. ಮೂರು, ಸಂಪ್ ಮತ್ತು ಕೊಳವೆ. ಇವು ಸೋರಬಾರದು. ನಾಲ್ಕು, ಶೌಚದ ಗುಂಡಿ ಮತ್ತು ಇಂಗುಗುಂಡಿ. ಇವು ಪಾಯದಿಂದ ಆದಷ್ಟು ದೂರ ಇರಬೇಕು. ಐದು, ಮರ. ಪಾಯದ ಪಕ್ಕದ ದೊಡ್ಡ ಮರ ಬೇಸಿಗೆಯಲ್ಲಿ ಮಣ್ಣಿನ ತೇವವನ್ನು ಹೀರುತ್ತದೆ. ಎರೆ ಮಣ್ಣಿನಲ್ಲಿ ಅದರಿಂದಲೂ ಪಾಯ ಕೂರುತ್ತದೆ. ಹಾಗಂತ ಹಳೆಯ ಮರವನ್ನು ಏಕಾಏಕಿ ಕಡಿಯಬೇಡಿ. ಕಡಿದ ಮೇಲೆ ಆ ತೇವವೆಲ್ಲ ಮಣ್ಣಿನಲ್ಲೇ ಉಳಿದು ಮಣ್ಣು ಉಬ್ಬಬಹುದು. ಅದಕ್ಕೂ ಇಂಜಿನಿಯರನ್ನು ಕೇಳಿ. ಹೊಸ ಮರವನ್ನು ಮಾತ್ರ ದೂರ ನೆಡಿ.

ಈ ಐದರಲ್ಲಿ ನಾಲ್ಕು ಕೆಲಸ ದುಡ್ಡಿಗಿಂತ ಗಮನವನ್ನೇ ಹೆಚ್ಚು ಕೇಳುತ್ತವೆ. ನನ್ನ ಅನುಭವದಲ್ಲಿ ಇಷ್ಟು ಮಾಡಿದರೆ ಎಷ್ಟೋ ಬಿರುಕುಗಳು ಅಲ್ಲೇ ನಿಂತುಬಿಡುತ್ತವೆ.

ನೀರಿಗೆ ದಾರಿ ಆಯಿತು. ಬಿರುಕು ಬೆಳೆಯುವುದು ನಿಂತಿತು. ಈಗ ಬಿರುಕಿಗೆ ಮದ್ದು. ಇಲ್ಲಿ ನಾಲ್ಕು ದಾರಿ ಇವೆ.

ಮೊದಲ ದಾರಿ, ಒಣಗಿದ, ನಿಂತ ಬಿರುಕಿಗೆ ಎಪಾಕ್ಸಿ ತುಂಬುವುದು. ಎಪಾಕ್ಸಿ ಎಂದರೆ ಎರಡು ದ್ರವ. ಎರಡನ್ನೂ ಕಲಸಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬಿರುಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಬೇಕು, ಗಾಳಿ ಊದಿ ಧೂಳು ತೆಗೆಯಬೇಕು. ಬಿರುಕಿನ ಗುಂಟ ಅರ್ಧ ಅಡಿಯಿಂದ ಒಂದಡಿಗೆ ಒಂದರಂತೆ ಸಣ್ಣ ನಳಿಕೆ ಕೂರಿಸಬೇಕು. ನಡುವಿನ ಬಿರುಕನ್ನು ಮೇಲಿನಿಂದ ಮುಚ್ಚಬೇಕು. ಆಮೇಲೆ ಎಲ್ಲಕ್ಕಿಂತ ಕೆಳಗಿನ ನಳಿಕೆಯಿಂದ ತುಂಬಲು ಶುರು. ಮೇಲಿನ ನಳಿಕೆಯಲ್ಲಿ ದ್ರವ ಉಕ್ಕಿದರೆ ಕೆಳಗಿನದನ್ನು ಮುಚ್ಚಿ ಮೇಲಕ್ಕೆ ಹೋಗಬೇಕು. ಕೆಳಗಿನಿಂದ ಮೇಲಕ್ಕೆ ಏಕೆ? ಮೇಲಿನಿಂದ ಸುರಿದರೆ ಒಳಗಿನ ಗಾಳಿ ಸಿಕ್ಕಿಬೀಳುತ್ತದೆ, ಬಿರುಕು ಟೊಳ್ಳಾಗಿ ಉಳಿಯುತ್ತದೆ.

ನಮ್ಮ ಸೀಮೆಗೆ ಒಂದು ಎಚ್ಚರಿಕೆ. ಕಲಸಿದ ಎಪಾಕ್ಸಿ ಬಿಸಿಲಿಗೆ ಬೇಗ ಗಟ್ಟಿಯಾಗುತ್ತದೆ. ಡಬ್ಬದ ಮೇಲೆ ಅರ್ಧ ಗಂಟೆ ಎಂದಿದ್ದರೆ ಮೇ ತಿಂಗಳ ಮಧ್ಯಾಹ್ನ ಅಷ್ಟು ಹೊತ್ತು ಸಿಗುವುದಿಲ್ಲ. ಬೆಳಗಿನ ತಂಪಿನಲ್ಲಿ ಮಾಡಿಸಿ. ಬೇಕಾದಷ್ಟೇ ಕಲಸಿ.

ಎರಡನೆಯ ದಾರಿ, ನೀರು ಜಿನುಗುತ್ತಿರುವ ಬಿರುಕಿನದು. ಸಾಮಾನ್ಯ ಎಪಾಕ್ಸಿ ಒದ್ದೆ ಮೈಗೆ ಚೆನ್ನಾಗಿ ಹಿಡಿಯುವುದಿಲ್ಲ. ಇಲ್ಲಿ ಪಾಲಿಯುರೆಥೇನ್ ಬೇಕು, ಕೆಲಸದವರು ಪಿಯು ಅನ್ನುತ್ತಾರೆ. ಇದು ನೀರು ತಾಗಿದ ಕೂಡಲೇ ಹಾಲಿನಂತೆ ಉಕ್ಕಿ ನೊರೆಯಾಗಿ ಬಿರುಕನ್ನು ತುಂಬುತ್ತದೆ. ಬಿರುಕಿನ ಪಕ್ಕದಿಂದ ಓರೆಯಾಗಿ ತೂತು ಕೊರೆಯುತ್ತಾರೆ. ಆ ತೂತು ಗೋಡೆಯ ಒಳಗೆ ಅರ್ಧ ದಪ್ಪದಲ್ಲಿ ಬಿರುಕನ್ನು ಸಂಧಿಸಬೇಕು. ಒಂದು ತೂತು ಎಡಕ್ಕೆ, ಒಂದು ತೂತು ಬಲಕ್ಕೆ. ಅದರಲ್ಲಿ ಪಂಪಿನಿಂದ ಒತ್ತಿ ತುಂಬುತ್ತಾರೆ. ಇದು ನೀರು ನಿಲ್ಲಿಸುತ್ತದೆ. ಆದರೆ ಕಟ್ಟಡಕ್ಕೆ ಬಲ ಕೊಡುವುದಿಲ್ಲ. ಬಲ ಬೇಕಾದ ಕಡೆ ಬೇರೆ ಕೆಲಸ ಬೇಕು.

ರಾಯದುರ್ಗದ ಆ ಸೆಲ್ಲಾರಿನಲ್ಲಿ ನಾವು ಮಾಡಿದ್ದು ಇದನ್ನೇ. ಮೊದಲು ಸಂಪಿನ ಸೋರಿಕೆ ನಿಲ್ಲಿಸಿದೆವು, ಗೋಡೆಗೆ ಅಂಟಿದ್ದ ಕೊಳವೆಯನ್ನು ದೂರಕ್ಕೆ ತಿರುಗಿಸಿದೆವು. ಆಮೇಲೆ ಗೋಡೆಯೂ ನೆಲವೂ ಸೇರುವ ಮೂಲೆಗೆ ಪಿಯು ತುಂಬಿಸಿದೆವು. ಬಹಳ ಸೆಲ್ಲಾರುಗಳು ಸೋರುವುದು ಆ ಮೂಲೆಯಲ್ಲೇ. ನೆಲದ ಕಾಂಕ್ರೀಟ್ ಒಂದು ದಿನ ಹಾಕುತ್ತಾರೆ, ಗೋಡೆಯದು ಇನ್ನೊಂದು ದಿನ. ಎರಡರ ನಡುವೆ ನೀರು ತಡೆಯುವ ಪಟ್ಟಿ ಇಡದಿದ್ದರೆ ಅದೇ ನೀರಿನ ಬಾಗಿಲು.

ಗಿಲಾವು ಮೂರು ಸಲ ಬಿದ್ದದ್ದು ಏಕೆ ಎಂದೂ ಹೇಳಿಬಿಡುತ್ತೇನೆ. ನೀರಿಗೆ ತೂಕ ಇದೆ. ಒಂದು ಮೀಟರ್ ಎತ್ತರ ನಿಂತ ನೀರು ಬುಡದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತುತ್ತದೆ. ಹತ್ತಡಿ ಸೆಲ್ಲಾರಿನ ಆಚೆ ನೆಲಮಟ್ಟಕ್ಕೆ ನೀರು ನಿಂತರೆ ಬುಡದಲ್ಲಿ ಮೂರು ಟನ್ ಒತ್ತಡ. ಅರ್ಧ ಅಂಗುಲದ ಗಿಲಾವು ಅದನ್ನು ತಡೆಯುವುದೆಂತು? ಸಾಧ್ಯವಿದ್ದರೆ ಹೊರಗಡೆಯಿಂದ ಅಗೆದು ಗೋಡೆಯ ಹೊರಮೈಗೆ ನೀರು ತಡೆಯುವ ಪದರ ಹಾಕುವುದು ಉತ್ತಮ. ಬಜಾರಿನಲ್ಲಿ ಗೋಡೆಗೆ ಗೋಡೆ ಅಂಟಿರುವಾಗ ಅದಾಗದು. ಆಗ ಒಳಗಿನಿಂದ ತುಂಬುವುದೊಂದೇ ದಾರಿ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಜೋರು ಮಳೆಯಲ್ಲಿ ಸೆಲ್ಲಾರ್ ತುಂಬಿದರೆ ಅವಸರದಲ್ಲಿ ಪೂರ್ತಿ ನೀರು ಎತ್ತಬೇಡಿ. ಹೊರಗಿನ ನೆಲ ಇನ್ನೂ ತುಂಬಿರುತ್ತದೆ. ಒಳಗೆ ಎದುರೊತ್ತಡ ಇಲ್ಲವಾದರೆ ಗೋಡೆಯೂ ನೆಲವೂ ಒಳಕ್ಕೆ ಉಬ್ಬಿ ಒಡೆಯಬಹುದು. ಸ್ವಲ್ಪ ಸ್ವಲ್ಪವಾಗಿ ಎತ್ತಿ. ಅದಕ್ಕೂ ಮೊದಲು ಕರೆಂಟಿನ ಮೇನ್ ಸ್ವಿಚ್ ಬಂದ್ ಮಾಡಿ.

ಮೂರನೆಯ ದಾರಿ, ತುಕ್ಕಿನ ಬಿರುಕಿನದು. ಇಲ್ಲಿ ಮೇಲೆ ಬಳಿದು ಮುಚ್ಚುವುದೇ ದೊಡ್ಡ ತಪ್ಪು. ಟೊಳ್ಳು ಸದ್ದು ಬರುವ ಕಾಂಕ್ರೀಟನ್ನೆಲ್ಲ ಉಳಿಯಿಂದ ತೆಗೆಯಬೇಕು. ಕಂಬಿಯ ಹಿಂದೆ ಬೆರಳು ಹೋಗುವಷ್ಟು ಬಿಡಿಸಬೇಕು. ತುಕ್ಕನ್ನು ಕಬ್ಬಿಣ ಹೊಳೆಯುವವರೆಗೆ ಉಜ್ಜಬೇಕು. ಕಂಬಿ ತೀರಾ ಸವೆದಿದ್ದರೆ ಪಕ್ಕದಲ್ಲಿ ಹೊಸ ಕಂಬಿ ಕಟ್ಟಬೇಕು. ತುಕ್ಕು ತಡೆಯುವ ಲೇಪ ಹಚ್ಚಿ, ಪಾಲಿಮರ್ ಬೆರೆಸಿದ ಗಾರೆಯಿಂದ ಮತ್ತೆ ತುಂಬಬೇಕು. ಕಂಬದ ಬುಡ ಬಿಡಿಸುವ ಮೊದಲು ಮೇಲಿನ ಭಾರಕ್ಕೆ ಊರೆ ಕೊಡಲೇಬೇಕು.

ತುಕ್ಕು ಏಕೆ ಬಂತು ಎಂದೂ ಕೇಳಿಕೊಳ್ಳಿ. ನಮ್ಮಲ್ಲಿ ಎಷ್ಟೋ ಕೊಳವೆಬಾವಿಗಳ ನೀರು ಉಪ್ಪು. ಆ ನೀರಿನಲ್ಲೇ ಕಾಂಕ್ರೀಟ್ ಕಲಸುತ್ತೇವೆ. ಕಂಬಿಯಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ ಅರ್ಧ ಗ್ರಾಮ್ ಮೀರಬಾರದು ಎಂದು ಸಂಹಿತೆ ಹೇಳುತ್ತದೆ. ಬಾಯಿಗೆ ಹಾಕಿದರೆ ಉಪ್ಪೆನಿಸುವ ನೀರನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ. ಬಟ್ಟೆ ತೊಳೆಯುವ, ಬ್ಲೀಚು ಬಳಸುವ ಕೆಲಸ ನಡೆಯುವ ಕಟ್ಟಡಗಳಲ್ಲಿ ಆ ನೀರು ನೆಲಕ್ಕೆ ಇಂಗದಂತೆ ನೋಡಿಕೊಳ್ಳಿ. ಬ್ಲೀಚಿನಲ್ಲೂ ಅದೇ ಕ್ಲೋರೈಡ್ ಸೇರುತ್ತದೆ.

ನಾಲ್ಕನೆಯ ದಾರಿ, ಕುಸಿದ ಪಾಯದ್ದು. ಮಡಕಶಿರಾದ ಗೋದಾಮಿನಲ್ಲಿ ಇದೇ ಬೇಕಾಯಿತು. ಮೂಲೆಯ ಚೀಲಗಳನ್ನೆಲ್ಲ ಖಾಲಿ ಮಾಡಿಸಿದೆವು. ಛಾವಣಿಯ ಕೊಳವೆ ತಿರುಗಿಸಿದೆವು. ಛಾವಣಿಗೆ ಊರೆ ಕೊಟ್ಟೆವು. ಆಮೇಲೆ ಹಳೆಯ ಪಾಯದ ಕೆಳಗೆ ಗಟ್ಟಿ ನೆಲ ಸಿಗುವವರೆಗೆ ಅಗೆದು ಹೊಸ ಕಾಂಕ್ರೀಟ್ ತುಂಬಿದೆವು. ಎಲ್ಲವನ್ನೂ ಒಮ್ಮೆಗೇ ಅಗೆಯಲಿಲ್ಲ. ಮೂರು ನಾಲ್ಕು ಅಡಿಯ ಒಂದೊಂದು ತುಂಡು. ಒಂದು ತುಂಡು ಅಗೆದರೆ ಪಕ್ಕದ ತುಂಡನ್ನು ಮುಟ್ಟುವಂತಿಲ್ಲ. ಅದು ತುಂಬಿ ಗಟ್ಟಿಯಾದ ಮೇಲೆ ಮುಂದಿನದು. ಅವಸರದಲ್ಲಿ ಉದ್ದಕ್ಕೂ ಅಗೆದರೆ ಗೋಡೆ ಆಳುಗಳ ಮೇಲೇ ಬರುತ್ತದೆ. ಇಂಜಿನಿಯರ್ ಎದುರಿಗಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಓರೆ ಬಿರುಕನ್ನು ನಾವು ಮುಚ್ಚಿದ್ದು ಕಟ್ಟಕಡೆಗೆ. ಅದಕ್ಕೆ ಮುಂಚೆ ಇನ್ನೊಂದು ಗಾಜು ಕೂರಿಸಿ, ಇನ್ನೊಂದು ಮಳೆಗಾಲ ಕಾದೆವು. ಆ ಗಾಜು ಒಡೆಯಲಿಲ್ಲ.

ನಾಲ್ಕು ದಾರಿಯನ್ನೂ ಒಟ್ಟಿಗೆ ಹೇಳುತ್ತೇನೆ. ಒಣ ಬಿರುಕಿಗೆ ಎಪಾಕ್ಸಿ. ಒದ್ದೆ ಬಿರುಕಿಗೆ ಪಿಯು. ತುಕ್ಕಿನ ಬಿರುಕಿಗೆ ಬಿಡಿಸಿ ಕಟ್ಟುವುದು. ಕುಸಿದ ಪಾಯಕ್ಕೆ ತುಂಡು ತುಂಡಾಗಿ ಕೆಳಗಿನಿಂದ ಆಸರೆ. ನಾಲ್ಕಕ್ಕೂ ಮೊದಲು ನೀರಿಗೆ ದಾರಿ.

ಕೆಲಸ ಮಾಡುವವರ ಬಗ್ಗೆಯೂ ಎರಡು ಮಾತು. ಸಂಪಿನೊಳಗೆ, ಮುಚ್ಚಿದ ಗುಂಡಿಯೊಳಗೆ ಆಳನ್ನು ಏಕಾಏಕಿ ಇಳಿಸಬೇಡಿ. ಒಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಮುಚ್ಚಳ ತೆಗೆದು ಬಹಳ ಹೊತ್ತು ಬಿಡಿ, ಫ್ಯಾನಿನಿಂದ ಗಾಳಿ ಹೊಡೆಸಿ, ಮೇಲೆ ಹಗ್ಗ ಹಿಡಿದು ಒಬ್ಬರು ನಿಂತೇ ಇರಬೇಕು. ಎಪಾಕ್ಸಿ, ಪಿಯು ಬಳಸುವಾಗ ಕೈಗವಸು, ಕನ್ನಡಕ ಕೊಡಿ. ನಮ್ಮ ಪಾಯ ಉಳಿಸಲು ಬಂದವರ ಜೀವ ಪಾಯಕ್ಕಿಂತ ದೊಡ್ಡದು.

ಹೊಸದಾಗಿ ಕಟ್ಟಿಸುವವರಿಗೂ ಒಂದು ಮಾತು. ಕಾಂಕ್ರೀಟಿಗೆ ನೀರುಣಿಸುವುದರಲ್ಲಿ ಜಿಪುಣತನ ಬೇಡ. ಕನಿಷ್ಠ ಏಳು ದಿನ, ನಮ್ಮಂಥ ಒಣ ಬಿಸಿಲಿನಲ್ಲಿ ಹತ್ತು ದಿನ, ಸಾಧ್ಯವಾದರೆ ಎರಡು ವಾರ. ಗೋಣಿತಟ್ಟು ಹೊದಿಸಿದರೆ ನೀರೂ ಉಳಿಯುತ್ತದೆ. ಪಾಯಕ್ಕೆ ನೀರು ಬೇಕಾದ ಕಾಲ ಅದೊಂದೇ. ಆಗ ಕೊಡದೆ ಆಮೇಲೆ ಜೀವಮಾನವೆಲ್ಲ ಕುಡಿಸುತ್ತೇವೆ.

ರಾಯದುರ್ಗದ ಆ ಸೆಲ್ಲಾರಿಗೆ ಮುಂದಿನ ವರ್ಷ ಮತ್ತೆ ಹೋಗಿದ್ದೆ. ಅದೇ ಮೂಲೆಯಲ್ಲಿ ಅದೇ ಅಕ್ಕ ಕೂತಿದ್ದರು. ಅವರ ಬಟ್ಟೆ ಗಂಟು ಕಾಲ ಹತ್ತಿರ ನೆಲದ ಮೇಲೇ ಇತ್ತು. "ನಿನ್ನೆ ಕೊಳಾಯಿ ನೀರು ಬಂದಿತ್ತು ಸಾರ್" ಅಂದರು. ಗೋಡೆಯ ಮೇಲೆ ಅವರೇ ಪೆನ್ಸಿಲಿನಿಂದ ಸಾಲಾಗಿ ತಾರೀಕು ಬರೆದಿದ್ದರು. ನೀರು ಬಿಟ್ಟ ಒಂದೊಂದು ದಿನದ್ದೂ ಒಂದೊಂದು ತಾರೀಕು. ಪ್ರತಿ ತಾರೀಕಿನ ಮುಂದೆ ಒಂದೇ ಮಾತು. ಒಣ, ಒಣ, ಒಣ.

ಕೇಳುಗರೇ, ಈ ಮಾತು ಮುಗಿದ ಮೇಲೆ ನಿಮ್ಮ ಅಂಗಡಿಯ, ಗೋದಾಮಿನ ಗೋಡೆ ಬುಡವನ್ನು ಒಮ್ಮೆ ನೋಡಿ. ಬಿರುಕು ಕಂಡರೆ ತುದಿಗೆ ಒಂದು ಗೆರೆ ಹಾಕಿ ಇವತ್ತಿನ ತಾರೀಕು ಬರೆಯಿರಿ. ಅಲ್ಲಿ ದಿನವೂ ಕೂತು ಕೆಲಸ ಮಾಡುವವರನ್ನು ಕೇಳಿ, ಇಲ್ಲಿ ಒದ್ದೆ ಯಾವಾಗ ಆಗುತ್ತದೆ ಎಂದು. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಆಮೇಲೆ ಮೇಸ್ತ್ರಿಯನ್ನು ಕರೆಸಿ.